ಚಿಂಕ್ವೆ ತೆರ್ರೆ: ಗಾರೆಯಿಲ್ಲದ ಗೋಡೆಗಳು ಹಿಡಿದು ನಿಲ್ಲಿಸಿದ ಕರಾವಳಿ

ಹೊಸಪ್ರಶ್ನೆ

ಇಟಲಿಯ ಲಿಗೂರಿಯಾ ಕರಾವಳಿಯ ಚಿಂಕ್ವೆ ತೆರ್ರೆ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಬಣ್ಣಬಣ್ಣದ ಮನೆಗಳ ಫೋಟೊ ಮತ್ತು ‘ಎರಡು ದಿನದಲ್ಲಿ ಏನೇನು ನೋಡಬಹುದು’ ಅನ್ನುವ ಪಟ್ಟಿಗಳೇ ಸಿಗುತ್ತವೆ. ಅದರಾಚೆಗೆ ಮೂರು ಸಂಗತಿ ತಿಳಿಯಬೇಕಿತ್ತು. ಹೆಸರಿನ ಅರ್ಥ ‘ಐದು ಭೂಮಿ’ ಅನ್ನುತ್ತಾರೆ, ಸರಿಯೇ? ಅಲ್ಲಿನ ಕಲ್ಲುಗೋಡೆಗಳ ಉದ್ದ ಚೀನಾದ ಮಹಾಗೋಡೆಗೆ ಸಮ ಅನ್ನುವುದು ನಿಜವೋ, ಗೈಡುಗಳು ಕಟ್ಟಿದ ಮಾತೋ? ಕಾಲೂರಲೂ ಜಾಗವಿಲ್ಲದ ಇಂಥ ಕಡಿದಾದ ಕಡಲಂಚಿಗೆ ಜನ ಬಂದು ನೆಲೆಸಿದ್ದಾದರೂ ಯಾಕೆ?

ಹಳೇನಕಾಶೆ

ಮೊದಲು ಹೆಸರು. ‘ತೆರ್ರಾ’ ಅಂದರೆ ಭೂಮಿ ಹೌದು. ಆದರೆ ಮಧ್ಯಯುಗದ ಇಟಲಿಯ ಬಳಕೆಯಲ್ಲಿ ಅದಕ್ಕೆ ಕೋಟೆ ಕಟ್ಟಿಕೊಂಡ ಊರು ಅನ್ನುವ ಅರ್ಥವೂ ಇತ್ತು. ಹಾಗಾಗಿ ‘ಐದೂರು’ ಅನ್ನಿ, ಹೆಚ್ಚು ಸರಿ. ಪಶ್ಚಿಮದಿಂದ ಪೂರ್ವಕ್ಕೆ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನಾರೋಲಾ, ರಿಯೊಮಜ್ಜೋರೆ. ಐದೂ ಲಾ ಸ್ಪೆತ್ಸಿಯಾ ಜಿಲ್ಲೆಗೆ ಸೇರಿದವು.

ಎಲ್ಲವನ್ನೂ ಮೀನುಗಾರರ ಹಳ್ಳಿ ಅಂತ ಬರೆಯುತ್ತಾರಲ್ಲ, ಅದು ಅರ್ಧ ಸತ್ಯ. ಕೊರ್ನೀಲ್ಯಾ ಕಡಲಿಗಿಂತ ಸುಮಾರು 100 ಮೀಟರ್ ಮೇಲೆ ಬಂಡೆಯ ನೆತ್ತಿಯಲ್ಲಿದೆ, ಅದಕ್ಕೆ ಬಂದರೇ ಇಲ್ಲ. ದೋಣಿಗೆ ನಿಜವಾದ ಆಸರೆ ಇರುವುದು ವೆರ್ನಾತ್ಸಾದಲ್ಲಿ ಮಾತ್ರ. ಇವರು ಮೂಲತಃ ದ್ರಾಕ್ಷಿ ಬೆಳೆದವರು. ಮೀನು ಅದರ ಜೊತೆಗಿನ ಕಸುಬು, ಮೊಂತೆರೊಸ್ಸೊವನ್ನು ಬಿಟ್ಟರೆ.

ಯಾಕೆ ನೆಲೆಸಿದರು ಅನ್ನುವುದಕ್ಕೆ ಬೆಟ್ಟದ ಮೇಲೆ ನೋಡಬೇಕು. ಐದೂ ಊರುಗಳ ನೆತ್ತಿಯ ಮೇಲೆ ಒಂದೊಂದು ಹಳೇ ದೇವಾಲಯವಿದೆ: ಸೊವಿಯೋರೆ, ರೆಜ್ಜೊ, ಸಾನ್ ಬೆರ್ನಾರ್ದೀನೊ, ವೊಲಾಸ್ತ್ರಾ, ಮೊಂತೆನೇರೊ. ಹಳೆಯ ವಸತಿ, ಹಳೆಯ ದಾರಿ ಎರಡೂ ಆ ಎತ್ತರದಲ್ಲಿದ್ದವು. ಕಡಲ್ಗಳ್ಳರ ಭಯ ತುಸು ಇಳಿದ ಮೇಲೆ, 11ನೇ ಶತಮಾನದಿಂದೀಚೆಗೆ, ಜನ ಕೆಳಕ್ಕೆ ಬಂದು ತೊರೆ ಕಡಲು ಸೇರುವ ಕಡೆ ಮನೆ ಕಟ್ಟಿದರು. ಕೆಳಗೆ ಬಂದವರಿಗೆ ಗೋಧಿ ಬೆಳೆಯಲು ನೆಲವಿರಲಿಲ್ಲ. ಬಿಸಿಲಿಗೆ ಮುಖಮಾಡಿದ ಇಳಿಜಾರು ಮಾತ್ರ ಇತ್ತು. ದ್ರಾಕ್ಷಿಗೆ ಅದೇ ಸಾಕು. ವೈನು ದೋಣಿಯಲ್ಲಿ ಹೋಗುತ್ತದೆ, ಕಾಳು ದೋಣಿಯಲ್ಲಿ ಬರುತ್ತದೆ. 1276ರಲ್ಲಿ ಫಿಯೆಸ್ಕಿ ಮನೆತನ ಇಲ್ಲಿನ ಹಿಡುವಳಿಯನ್ನು ಜಿನೋವಾ ಗಣರಾಜ್ಯಕ್ಕೆ ಮಾರಿತು. ಅಲ್ಲಿಂದ ಮುಂದೆ ಮಾರುಕಟ್ಟೆಯೂ ರಕ್ಷಣೆಯೂ ಜಿನೋವಾದ್ದೇ. ಆದರೂ ಭಯ ಪೂರ್ತಿ ಹೋಗಲಿಲ್ಲ. 16ನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಹಡಗುಗಳ ಕಾಟ ಮತ್ತೆ ಏರಿತು, 1549ರಲ್ಲಿ ಇದೇ ಕರಾವಳಿಯ ರಪಾಲ್ಲೊ ಊರನ್ನು ಆ ಹಡಗುಗಳ ನಾಯಕ ದ್ರಾಗುತ್ ಲೂಟಿ ಮಾಡಿದ. ಇಂದು ಕಾಣುವ ಕಾವಲುಗೋಪುರಗಳ ಹಿಂದೆ ಇರುವುದು ಈ ಕಥೆ.

ಕಲ್ಲುಕಟ್ಟು

ಗೋಡೆಯ ಉದ್ದಕ್ಕೆ ಗೈಡು ಬೇಡ, ಪೆನ್ಸಿಲು ಸಾಕು.

ಅಲ್ಲಿನ ಇಳಿಜಾರು 35ರಿಂದ 40 ಡಿಗ್ರಿ. ದ್ರಾಕ್ಷಿ ನೆಡಲು ಅದನ್ನು ಮೆಟ್ಟಿಲು ಮೆಟ್ಟಿಲು ಮಾಡಿದ್ದಾರೆ, ಪ್ರತಿ ಮೆಟ್ಟಿಲಿನ ಮಣ್ಣನ್ನು ಹಿಡಿದಿಡುವುದು ಗಾರೆಯಿಲ್ಲದ ಒಂದು ಕಲ್ಲುಗೋಡೆ. ಮಾದರಿಗೆ 2 ಮೀಟರ್ ಎತ್ತರದ ಗೋಡೆ, ಅದರ ಹಿಂದೆ ಎರಡೂವರೆ ಮೀಟರ್ ಅಗಲದ ಮಣ್ಣಿನ ಪಟ್ಟಿ ಅಂತಿಟ್ಟುಕೊಳ್ಳಿ. ನಕಾಶೆಯ ಮೇಲೆ 100 ಮೀಟರ್ ಹೋಗುವಷ್ಟರಲ್ಲಿ 40 ಗೋಡೆ. ಒಂದು ಹೆಕ್ಟೇರಿಗೆ 40 × 100, ಅಂದರೆ 4 ಕಿ.ಮೀ. ಉಚ್ಛ್ರಾಯದ ಕಾಲದಲ್ಲಿ ಕೃಷಿ ಸುಮಾರು 1,400 ಹೆಕ್ಟೇರಿನಲ್ಲಿತ್ತು ಅನ್ನುವ ಲೆಕ್ಕ ಹಿಡಿದರೆ 5,600 ಕಿ.ಮೀ. ಪಟ್ಟಿಯ ಅಗಲ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಆದ್ದರಿಂದ ಐದರಿಂದ ಏಳು ಸಾವಿರ ಕಿ.ಮೀ. ಅಂದರೆ ಬಡಾಯಿಯಲ್ಲ. ಆದರೆ ಮಿಂಗ್ ಕಾಲದ ಮಹಾಗೋಡೆ ಒಂದೇ 8,850 ಕಿ.ಮೀ. ಇದೆ, ಎಲ್ಲ ಕಾಲದ್ದೂ ಸೇರಿಸಿದರೆ 21,000 ದಾಟುತ್ತದೆ. ಹಾಗಾಗಿ ‘ಸಮ’ ಅನ್ನುವುದು ಸುಳ್ಳು. ಹಾಗೇ ‘ಸಾವಿರ ವರ್ಷದ ಗೋಡೆ’ ಅನ್ನುವುದೂ. ಪದ್ಧತಿ ಸಾವಿರ ವರ್ಷದ್ದು, ಕಣ್ಣೆದುರಿನ ಗೋಡೆ ಎಷ್ಟೋ ಸಲ ಬಿದ್ದು ಎದ್ದದ್ದು. ಕಲ್ಲು ಮಾತ್ರ ಅದೇ.

ಉದ್ದಕ್ಕಿಂತ ಗಾತ್ರ ಯೋಚಿಸಿ. 4,000 ಮೀಟರ್ ಉದ್ದ, 2 ಎತ್ತರ, 0.6 ದಪ್ಪ: ಹೆಕ್ಟೇರಿಗೆ 4,800 ಘನ ಮೀಟರ್ ಕಲ್ಲು. ಅಷ್ಟನ್ನೂ ಕೈಯಲ್ಲೇ ಇಟ್ಟಿದ್ದಾರೆ. ಹಿಂದೆ ತುಂಬಿದ ಮಣ್ಣನ್ನು ಹೆಂಗಸರು ಬುಟ್ಟಿಯಲ್ಲಿ ತಲೆ ಮೇಲೆ ಹೊತ್ತು ತಂದರು.

ಸಿಮೆಂಟುಮೂಟೆ

ಲೆಕ್ಕ ಚೆನ್ನಾಗಿದೆ ಸರ್. ಆದರೆ ಒಂದು ಗೋಡೆ ಪದೇ ಪದೇ ಬೀಳುತ್ತದೆ ಅಂದರೆ ವಿನ್ಯಾಸವೇ ತಪ್ಪು ಅಂತಲ್ಲವೇ? ಈಗ ಸಿಮೆಂಟು ಇದೆ. ಒಂದು ಸಲ ಗಾರೆ ಹಾಕಿ ಗಟ್ಟಿಯಾಗಿ ಕಟ್ಟಿ, ನೀರಿಗೆ ಪೈಪು ಬಿಟ್ಟರೆ ಮುಗಿಯಿತಲ್ಲ.

ಕಲ್ಲುಕಟ್ಟು

ಆ ಪೈಪು ಮೂರು ಮಳೆಗಾಲ ಕೆಲಸ ಮಾಡಿದರೆ ಹೆಚ್ಚು. ನುಣುಪು ಮಣ್ಣು ಬಂದು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಮೇಲೆ ಏನಾಗುತ್ತದೆ ನೋಡಿ: 2 ಮೀಟರ್ ಗೋಡೆಯ ಹಿಂದೆ ನೀರು ಪೂರ್ತಿ ತುಂಬಿದರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ನೀರೊಂದೇ ಸುಮಾರು 2 ಟನ್ ಬಲದಿಂದ ಹೊರಕ್ಕೆ ತಳ್ಳುತ್ತದೆ. ಮಣ್ಣಿನ ಒತ್ತಡ ಬೇರೆ. 60 ಸೆಂ.ಮೀ. ದಪ್ಪದ ಆ ಗೋಡೆಯ ತೂಕವೇ ಮೀಟರಿಗೆ 2.4 ಟನ್ ಆಸುಪಾಸು. ಅಡಿಯಲ್ಲಿ ತಿಕ್ಕಾಟದಿಂದ ಸಿಗುವ ಹಿಡಿತ ಒಂದೂವರೆ ಟನ್ನೂ ಇರುವುದಿಲ್ಲ. ಜಾರಲೇಬೇಕು, ಇಲ್ಲ ಮಗುಚಬೇಕು. ಗಾರೆಯಿಲ್ಲದ ಗೋಡೆಯಲ್ಲಿ ಪ್ರತಿ ಸಂದೂ ಒಂದು ಪೈಪು. ನೀರು ನಿಲ್ಲುವುದೇ ಇಲ್ಲ, ಆದ್ದರಿಂದ ಆ 2 ಟನ್ ಹುಟ್ಟುವುದೇ ಇಲ್ಲ.

ಬೀಳುವ ರೀತಿಯಲ್ಲೂ ವ್ಯತ್ಯಾಸವಿದೆ. ಒಣಗೋಡೆ ಮೊದಲು ಹೊಟ್ಟೆ ಬಿಡುತ್ತದೆ. ಒಂದೆರಡು ವರ್ಷ ಹಾಗೇ ನಿಂತು, ‘ನನ್ನನ್ನು ನೋಡು’ ಅನ್ನುತ್ತದೆ. ಆಮೇಲೆ ಮೂರು ನಾಲ್ಕು ಮೀಟರ್ ಮಾತ್ರ ಜರಿಯುತ್ತದೆ, ಕಲ್ಲು ಅಲ್ಲೇ ಬಿದ್ದಿರುತ್ತದೆ, ಅದನ್ನೇ ಎತ್ತಿ ಕಟ್ಟಬಹುದು. ಗಾರೆಯ ಗೋಡೆ ಸುಳಿವು ಕೊಡದೆ ಹಾಳೆಯಂತೆ ಪೂರ್ತಿ ಮಗುಚಿಕೊಳ್ಳುತ್ತದೆ.

ಬಿದ್ದ ಭಾಗವನ್ನು ಕಟ್ಟುವ ಕ್ರಮ ಹೀಗೆ. ಮೊದಲು ಕಲ್ಲನ್ನು ಮೂರು ಗುಂಪು ಮಾಡಬೇಕು: ಪಾಯದ ದಪ್ಪ ಕಲ್ಲು, ಮುಖದ ಕಲ್ಲು, ಹಿಂದೆ ತುಂಬುವ ಚೂರು. ಈ ವಿಂಗಡಣೆಗೆ ಅರ್ಧ ದಿನ ಹೋಯಿತು ಅಂತ ಗೊಣಗುವವರು ಆಮೇಲೆ ಎರಡು ದಿನ ಕಲ್ಲು ಹುಡುಕುತ್ತಾ ಕಳೆಯುತ್ತಾರೆ. ಸಡಿಲ ಮಣ್ಣು ತೆಗೆದು, ಗಟ್ಟಿ ನೆಲ ಅಥವಾ ಬಂಡೆ ಸಿಗುವ ತನಕ ಅಗೆಯಬೇಕು, ಸಾಮಾನ್ಯವಾಗಿ 30–50 ಸೆಂ.ಮೀ. ಪಾಯದ ತಳ ಬೆಟ್ಟದ ಕಡೆಗೆ ತುಸು ಇಳಿಜಾರಾಗಿರಬೇಕು, ಹೊರಕ್ಕಲ್ಲ. 2 ಮೀಟರ್ ಗೋಡೆಗೆ ಬುಡದಲ್ಲಿ ಕನಿಷ್ಠ 60 ಸೆಂ.ಮೀ. ದಪ್ಪ ಬೇಕು. ಎರಡು ತುದಿಗೂ ಗೂಟ ನೆಟ್ಟು ದಾರ ಕಟ್ಟಿ, ಪ್ರತಿ ಮೀಟರ್ ಎತ್ತರಕ್ಕೆ 10–15 ಸೆಂ.ಮೀ. ಒಳಕ್ಕೆ ವಾಲುವಂತೆ ಏರಿಸಬೇಕು.

ಕಲ್ಲಿಡುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಕಲ್ಲಿನ ಚೆಂದದ ಅಗಲ ಮುಖವನ್ನು ಹೊರಗೆ ತೋರಿಸುವ ಆಸೆ. ಹಾಗಿಟ್ಟರೆ ಅದು ಗೋಡೆಗೆ ಅಂಟಿಸಿದ ಟೈಲ್ಸು, ಹಿಂದಿನ ಮಣ್ಣು ಒಂದು ಚಳಿಗಾಲದಲ್ಲಿ ದಬ್ಬಿ ಹಾಕುತ್ತದೆ. ಕಲ್ಲಿನ ಉದ್ದ ಬೆಟ್ಟದೊಳಕ್ಕೆ ಹೋಗಬೇಕು, ಹೊರಗೆ ಅದರ ಸಣ್ಣ ತಲೆ ಮಾತ್ರ ಕಾಣಬೇಕು. ಕೆಳಗಿನ ಎರಡು ಕಲ್ಲಿನ ಸಂದಿನ ಮೇಲೆ ಮೇಲಿನ ಕಲ್ಲು ಕೂರಬೇಕು. ಅಲುಗಿದರೆ ಬೆಣೆಚಕ್ಕೆಯನ್ನು ಹಿಂದಿನಿಂದ ಕೊಡಬೇಕು. ಮುಂದಿನಿಂದ ಹೊಡೆದ ಚಕ್ಕೆ ಒಂದಲ್ಲ ಒಂದು ದಿನ ಉದುರುತ್ತದೆ. ಒಂದೊಂದು ವರಸೆ ಏರಿದ ಹಾಗೆ ಹಿಂದೆ 20–30 ಸೆಂ.ಮೀ. ಅಗಲಕ್ಕೆ ಕಲ್ಲುಚೂರು ತುಂಬಿ, ಅದರ ಹಿಂದೆ ಮಣ್ಣು ಹಾಕಬೇಕು. ಗೋಡೆಗೆ ನೇರ ಮಣ್ಣು ಸುರಿದರೆ ಸಂದೆಲ್ಲ ಮುಚ್ಚಿ, ಸಿಮೆಂಟಿನ ಗೋಡೆಯ ರೋಗವೇ ಇದಕ್ಕೂ ಬರುತ್ತದೆ. ಕೊನೆಗೆ ತಲೆಯ ಮೇಲೆ ಇರುವುದರಲ್ಲಿ ಭಾರದ ಚಪ್ಪಟೆ ಕಲ್ಲು.

ಹೀಗೆ ಸರಿಯಾಗಿ ಕಟ್ಟುವ ಒಬ್ಬ ದಿನಕ್ಕೆ ಎರಡು ಚದರ ಮೀಟರ್ ಮುಗಿಸಿದರೆ ಒಳ್ಳೆಯ ಕೆಲಸ. ಹೆಕ್ಟೇರಿಗೆ 8,000 ಚದರ ಮೀಟರ್ ಮುಖ. ಅದಕ್ಕೇ 4,000 ಆಳುದಿನ.

ಸಿಮೆಂಟುಮೂಟೆ

ಒಪ್ಪಿದೆ. ನೀರಿನ ಲೆಕ್ಕ ಮರೆತೇಬಿಟ್ಟಿದ್ದೆ, ನಾಚಿಕೆಗೇಡು.

ಬಳ್ಳಿಚಪ್ಪರ

ಗೋಡೆಯ ಮೇಲೆ ಏನಿತ್ತು ಅಂತಲೂ ಹೇಳಬೇಕಲ್ಲ. ಅಲ್ಲಿನ ಹಳೇ ಪದ್ಧತಿ ತೀರ ತಗ್ಗಿನ ಚಪ್ಪರ, ಎತ್ತರ ಒಂದು ಮೀಟರ್ ಆಸುಪಾಸು. ಕಡಲಿನ ಉಪ್ಪುಗಾಳಿ ಬಳ್ಳಿಯ ಎಳೆ ಚಿಗುರನ್ನು ಸುಡುತ್ತದೆ, ಆದ್ದರಿಂದ ಬಳ್ಳಿ ನೆಲ ಕಚ್ಚಿಕೊಂಡಿರಬೇಕು. ಗಾಳಿಗೆ ಅಡ್ಡವಾಗಿ ಎರಿಕಾ ಅನ್ನುವ ಕುರುಚಲು ಗಿಡದ ಕಡ್ಡಿ ಹೆಣೆದ ಬೇಲಿ. ಕೊಯ್ಯುವವರು ಚಪ್ಪರದಡಿ ಮಂಡಿಯೂರಿ ತೆವಳಬೇಕು. ಈಗ ಹೆಚ್ಚಿನ ತೋಟಗಳು ಸಾಲುತಂತಿಗೆ ಬಂದಿವೆ, ಬೆನ್ನು ಉಳಿಯಲಿ ಅಂತ.

ತಳಿ ಮೂರು: ಬೊಸ್ಕೊ, ಅಲ್ಬರೋಲಾ, ವೆರ್ಮೆಂತೀನೊ. ಮೂರೂ ಬಿಳಿ. ಬೊಸ್ಕೊ ಮುಖ್ಯ, ನಿಯಮದ ಪ್ರಕಾರ ನೂರಕ್ಕೆ ಕನಿಷ್ಠ 40 ಪಾಲು. ಅದರ ಸಿಪ್ಪೆ ದಪ್ಪ, ಹಾಗಾಗಿ ಒಣಗಿಸುವಾಗ ಕೊಳೆಯುವುದು ಕಡಿಮೆ. ಒಣಗಿಸಿ ಮಾಡುವ ಸಿಹಿ ವೈನೇ ಶಕ್ಕೆತ್ರಾ. 1973ರಲ್ಲಿ ಈ ಸೀಮೆಯ ವೈನಿಗೆ ಮೂಲಸ್ಥಾನದ ಮಾನ್ಯತೆ ಸಿಕ್ಕಿತು.

ಮಾಡುವ ಬಗೆ ಸರಳ, ಕಾಯುವುದು ಕಷ್ಟ. ಸೆಪ್ಟೆಂಬರಿನಲ್ಲಿ ಕಾಳು ಬಿಡಿಬಿಡಿಯಾಗಿರುವ ಗೊಂಚಲು ಮಾತ್ರ ಆರಿಸಬೇಕು, ಒತ್ತೊತ್ತಾದದ್ದು ಒಳಗಿಂದ ಕೊಳೆಯುತ್ತದೆ. ಬಲೆಯ ತಟ್ಟೆಗಳ ಮೇಲೆ ಗಾಳಿಯಾಡುವ ನೆರಳಲ್ಲಿ ಹರಡಬೇಕು. ಬಿಸಿಲಿಗಿಟ್ಟರೆ ಸಿಪ್ಪೆ ಬೆಂದು ಪರಿಮಳ ಸತ್ತು ಬರೀ ಒಣದ್ರಾಕ್ಷಿಯ ವಾಸನೆ ಬರುತ್ತದೆ. ದಕ್ಷಿಣದ ಶಿರೊಕ್ಕೊ ಗಾಳಿ ಬೀಸಿದ ದಿನ ತೇವ ಏರಿ ಬೂದುಬೂಷ್ಟು ಶುರು. ಆಗ ತಟ್ಟೆ ತಟ್ಟೆ ನೋಡಿ ಕೆಟ್ಟ ಕಾಳು ಕೀಳದಿದ್ದರೆ ಮೂರು ದಿನದಲ್ಲಿ ಗೊಂಚಲೇ ಹೋಗುತ್ತದೆ. ನವೆಂಬರ್ 1ಕ್ಕೆ ಮುಂಚೆ ಹಿಂಡುವಂತಿಲ್ಲ. ಹಿಂಡುವ ಮುನ್ನ ತೊಟ್ಟಿನಿಂದ ಒಂದೊಂದೇ ಕಾಳು ಕೈಯಿಂದ ಬಿಡಿಸುತ್ತಾರೆ, ತೊಟ್ಟು ಸೇರಿದರೆ ಒಗರು. 100 ಕೆ.ಜಿ. ಹಸಿ ದ್ರಾಕ್ಷಿಗೆ ಕೊನೆಗೆ ದಕ್ಕುವುದು ಸುಮಾರು 30 ಲೀಟರ್. 375 ಮಿ.ಲೀ. ಸೀಸೆಯ ಬೆಲೆ ಕೇಳಿ ಕಣ್ಣು ಬಿಡುವವರು ಮೇಲಿನ 4,000 ಆಳುದಿನವನ್ನೂ ಸೇರಿಸಿಕೊಂಡು ನೋಡಲಿ.

ಹೊಸಪ್ರಶ್ನೆ

ಹಾಗಿದ್ದರೆ ಕೊಯ್ದದ್ದನ್ನು ಈಗಲೂ ತಲೆ ಮೇಲೇ ಹೊರುತ್ತಾರಾ? ಫೋಟೊಗಳಲ್ಲಿ ತೋಟದ ಮಧ್ಯೆ ಒಂಟಿ ಕಬ್ಬಿಣದ ಹಳಿ ಕಾಣುತ್ತದೆ.

ಬಳ್ಳಿಚಪ್ಪರ

ಅದೇ ಮೊನೊರೇಲ್. ಜಪಾನಿನ ಕಿತ್ತಳೆ ತೋಟಗಳಿಗೆ ಹುಟ್ಟಿದ ಯಂತ್ರ, ಇಲ್ಲಿಗೆ ಬಂದು ನೆಲೆಸಿತು. ಹಳಿಯ ಅಡಿಗೆ ಹಲ್ಲುಪಟ್ಟಿ, ಅದನ್ನು ಕಚ್ಚಿಕೊಂಡು ಏರುವ ಚಿಕ್ಕ ಪೆಟ್ರೋಲ್ ಎಂಜಿನು, ಹಿಂದೆ ತೊಟ್ಟಿಗಾಡಿ. ವೇಗ ನಡಿಗೆಯಷ್ಟೇ. ದ್ರಾಕ್ಷಿ ಕೆಳಗಿಳಿಸುವುದಕ್ಕಿಂತ ಕಲ್ಲು, ಗೊಬ್ಬರ ಮೇಲಕ್ಕೊಯ್ಯಲು ಇದರ ಉಪಯೋಗ ದೊಡ್ಡದು. ಹಳಿ ಹೋಗದ ಕಡೆಯ ತೋಟ ಮೊದಲು ಪಾಳು ಬಿತ್ತು ಅಂದರೆ ತಪ್ಪಾಗದು.

ಹಳೇನಕಾಶೆ

ಪಾಳು ಬಿದ್ದ ಕಥೆ ಮೊನೊರೇಲಿಗಿಂತ ನೂರು ವರ್ಷ ಹಳೆಯದು. ಪಕ್ಕದ ಲಾ ಸ್ಪೆತ್ಸಿಯಾದಲ್ಲಿ ನೌಕಾಪಡೆಯ ಹಡಗುಕಟ್ಟೆ 1869ರಲ್ಲಿ ಶುರುವಾಯಿತು. ತಿಂಗಳ ಸಂಬಳ ಅನ್ನುವುದು ಮೊದಲ ಸಲ ಕಣ್ಣಿಗೆ ಬಿದ್ದದ್ದು ಆಗ. 1874ರಲ್ಲಿ ಜಿನೋವಾ–ಲಾ ಸ್ಪೆತ್ಸಿಯಾ ರೈಲುದಾರಿ ಪೂರ್ತಿಯಾಯಿತು. ಈ ಭಾಗದಲ್ಲಿ ಅದು ಹೆಚ್ಚಾಗಿ ಸುರಂಗದೊಳಗೇ ಓಡುತ್ತದೆ, ನಡುನಡುವೆ ಊರು ಬಂದಾಗ ಮಾತ್ರ ಬೆಳಕು. ಗಂಡಸರು ಬೆಳಗ್ಗೆ ಹಡಗುಕಟ್ಟೆಗೆ, ಸಂಜೆ ಮತ್ತು ಭಾನುವಾರ ತೋಟಕ್ಕೆ. 1920ರ ದಶಕದಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹೇನು ಬಂದಾಗ ಬಳ್ಳಿ ಪೂರ್ತಿ ಕಿತ್ತು ಅಮೆರಿಕದ ಬೇರುಗಿಡಕ್ಕೆ ಕಸಿ ಕಟ್ಟಬೇಕಾಯಿತು. ಸಂಬಳ ಇರುವವನು ಆ ಕಷ್ಟಕ್ಕೆ ಕೈ ಹಾಕಲಿಲ್ಲ. ಇಂದು ದ್ರಾಕ್ಷಿ ಉಳಿದಿರುವುದು ಸುಮಾರು 100 ಹೆಕ್ಟೇರಿನಲ್ಲಿ. ಪಾಲಿನ ಮೇಲೆ ಪಾಲಾಗಿ ಹೊಲವೆಲ್ಲ ಚೂರುಚೂರು, ಒಂದು ಗೋಡೆ ರಿಪೇರಿಗೆ ಬೇರೆ ಬೇರೆ ಊರಲ್ಲಿರುವ ಹತ್ತು ವಾರಸುದಾರರ ಸಹಿ.

1997ರಲ್ಲಿ ಯುನೆಸ್ಕೊ ಪಟ್ಟಿ, 1999ರಲ್ಲಿ ರಾಷ್ಟ್ರೀಯ ಉದ್ಯಾನ. ಯುನೆಸ್ಕೊ ಕೂಡ ಇದನ್ನು ‘ಪ್ರಕೃತಿ’ ಅಂತಲ್ಲ, ಮನುಷ್ಯ ರೂಪಿಸಿದ ನೆಲ ಅಂತಲೇ ಪಟ್ಟಿ ಮಾಡಿದ್ದು. ಗೋಡೆ ಕಟ್ಟುವ ವಿದ್ಯೆಗೆ 2018ರಲ್ಲಿ ಪ್ರತ್ಯೇಕ ಮಾನ್ಯತೆ ಸಿಕ್ಕಿತು, ಎಂಟು ದೇಶಗಳ ಹೆಸರಲ್ಲಿ.

ಕಲ್ಲುಕಟ್ಟು

ಗೋಡೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2011ರ ಅಕ್ಟೋಬರ್ 25 ನೋಡಿ. ಆ ದಿನ ಬೆಟ್ಟದಾಚೆಯ ಬ್ರುನ್ಯಾತೊದಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ಕೆಲವೇ ಗಂಟೆಗಳಲ್ಲಿ. ಆಗುಂಬೆ ಕಡೆಯವರಿಗೂ ಅದು ದೊಡ್ಡ ಮಳೆಯೇ. ವೆರ್ನಾತ್ಸಾದ ಮುಖ್ಯ ಬೀದಿ ಅಂದರೆ ಮುಚ್ಚಿದ ತೊರೆ. ಬೀದಿಯಡಿಯಲ್ಲೇ ನೀರು ಹರಿಯುತ್ತದೆ. ಮೇಲಿಂದ ಮಣ್ಣು, ಕಲ್ಲು, ಮರ, ನಿಲ್ಲಿಸಿದ್ದ ಕಾರುಗಳು ಬಂದು ಆ ಕಾಲುವೆಯ ಬಾಯಿ ಕಟ್ಟಿಕೊಂಡಿತು, ನೀರು ಬೀದಿಯನ್ನೇ ಹಿಡಿಯಿತು. ಅಂಗಡಿಗಳು ಮೊದಲ ಮಹಡಿಯ ತನಕ ಹೂತುಹೋದವು. ಅಲ್ಲಿ ಮೂವರು, ಮೊಂತೆರೊಸ್ಸೊದಲ್ಲಿ ಒಬ್ಬರು ತೀರಿಕೊಂಡರು.

ಆಮೇಲೆ ಕುಸಿದ ಜಾಗಗಳನ್ನು ನಕಾಶೆಗೆ ಹಾಕಿದಾಗ ಕಂಡದ್ದು: ಹೆಚ್ಚು ಜರಿದದ್ದು ಈಚಿನ ಕೆಲವು ದಶಕಗಳಲ್ಲಿ ಕೈಬಿಟ್ಟ ಪಟ್ಟಿಗಳು. ಕಾರಣ ಸುಲಭ. ಕೃಷಿ ನಿಂತ ಮೊದಲ ವರ್ಷಗಳಲ್ಲಿ ನೀರುಗಾಲುವೆ ಮುಚ್ಚುತ್ತದೆ, ಕಾಡುಹಂದಿ ಗೋಡೆಯ ತಲೆಗಲ್ಲು ಕೆದಕುತ್ತದೆ, ಪೊದೆಯ ಬೇರು ಸಂದಿಗೆ ಹೊಗುತ್ತದೆ, ಆದರೆ ಮಣ್ಣು ಹಿಡಿಯುವಂಥ ಮರ ಇನ್ನೂ ಬೆಳೆದಿರುವುದಿಲ್ಲ. ಹಳೇ ಪಾಳು ಕಾಡಾಗಿ ಒಂದಷ್ಟು ನಿಲ್ಲುತ್ತದೆ, ಸಾಗುವಳಿಯ ಗೋಡೆ ರಿಪೇರಿಯಿಂದ ನಿಲ್ಲುತ್ತದೆ. ನಡುವಿನದು ಎರಡಕ್ಕೂ ಸಲ್ಲದು. 2019ರಿಂದ ಐರೋಪ್ಯ ಒಕ್ಕೂಟದ ನೆರವಿನಲ್ಲಿ ಮನಾರೋಲಾದ ಮೇಲಿನ ಇಳಿಜಾರಿನಲ್ಲಿ ಗೋಡೆ ಕಟ್ಟುವ, ಕಟ್ಟಲು ಕಲಿಸುವ ಕೆಲಸ ನಡೆಸಿದ್ದು ಇದೇ ಲೆಕ್ಕದ ಮೇಲೆ.

ಉಪ್ಪುನೀರು

ಎಲ್ಲರೂ ಬೆಟ್ಟದ ಕಡೆಗೇ ಮುಖ ಮಾಡಿ ಕೂತಿದ್ದೀರಿ, ಕಡಲ ಬಗ್ಗೆ ನಾಲ್ಕು ಸಾಲು. ಮೊಂತೆರೊಸ್ಸೊ ಹೆಸರುವಾಸಿಯಾದದ್ದು ಆಂಚೊವಿ ಮೀನಿಗೆ, ನಮ್ಮ ನೆತ್ತಿಲಿಯ ಬಳಗದ್ದು. ಬೇಸಗೆಯ ಕತ್ತಲ ರಾತ್ರಿ ದೋಣಿಯಲ್ಲಿ ದೊಡ್ಡ ದೀಪ ಹಚ್ಚಿ, ಬೆಳಕಿಗೆ ಬಂದ ಗುಂಪನ್ನು ಸುತ್ತುಬಲೆಯಿಂದ ಹಿಡಿಯುತ್ತಾರೆ. ಬೆಳದಿಂಗಳಿದ್ದರೆ ಮೀನು ದೀಪವನ್ನು ಕ್ಯಾರೇ ಅನ್ನುವುದಿಲ್ಲ. ಉಪ್ಪು ಹಾಕಲು ಜೂನ್ ಕೊನೆಯ, ಸಂತ ಪೇತ್ರನ ಹಬ್ಬದ ಹೊತ್ತಿನ ಮೀನು ಉತ್ತಮ ಅನ್ನುತ್ತಾರೆ.

ಹಿಡಿದ ದಿನವೇ ಉಪ್ಪಿಗೆ ಬೀಳಬೇಕು. ಹೆಬ್ಬೆರಳು ತೋರುಬೆರಳಲ್ಲಿ ತಲೆ ಹಿಡಿದು ಎಳೆದರೆ ಕರುಳೂ ಜೊತೆಗೇ ಬರುತ್ತದೆ. ಸಿಹಿನೀರಲ್ಲಿ ತೊಳೆಯಬಾರದು, ಮಾಂಸ ಮೆತ್ತಗಾಗುತ್ತದೆ. ಗಾಜಿನ ಭರಣಿಯ ತಳಕ್ಕೆ ಹರಳುಪ್ಪು, ಅದರ ಮೇಲೆ ಬಾಲ ನಡುವಿಗೆ ಬರುವಂತೆ ಚಕ್ರಾಕಾರವಾಗಿ ಮೀನು, ಮತ್ತೆ ಉಪ್ಪು. ಕೆ.ಜಿ.ಗೆ ಸುಮಾರು 350–400 ಗ್ರಾಂ ಉಪ್ಪು. ಮೇಲೆ ಸ್ಲೇಟುಕಲ್ಲಿನ ಬಿಲ್ಲೆ, ಅದರ ಮೇಲೆ ಭಾರ. ಕೆಲವು ದಿನದಲ್ಲಿ ಮೀನಿನದೇ ನೀರು ಬಿಲ್ಲೆಯ ಮೇಲೆ ನಿಲ್ಲುತ್ತದೆ. ತೇಲುವ ಎಣ್ಣೆ ತೆಗೆಯಬೇಕು. ಸೆಕೆಗೆ ನೀರಿನ ಮಟ್ಟ ಇಳಿದು ಮೀನು ಗಾಳಿಗೆ ಬಿತ್ತೋ, ಕೊಬ್ಬು ಕಮಟಿ ಹಳದಿ ಕಟ್ಟುತ್ತದೆ. ಮಟ್ಟ ಇಳಿದ ಕೂಡಲೇ ಲೀಟರಿಗೆ 350 ಗ್ರಾಂ ಉಪ್ಪು ಕರಗಿಸಿದ ನೀರು ತುಂಬಿಸಬೇಕು, ಬರೀ ನೀರಲ್ಲ. ಮೀನಿನ ಗಾತ್ರ ನೋಡಿಕೊಂಡು 40ರಿಂದ 60 ದಿನ. 2008ರಿಂದ ಲಿಗೂರಿಯಾ ಕಡಲಿನ ಉಪ್ಪು ಆಂಚೊವಿಗೆ ಭೌಗೋಳಿಕ ಗುರುತು ಇದೆ.

ಹೊಸಪ್ರಶ್ನೆ

ಎಲ್ಲರಿಗೂ ಧನ್ಯವಾದ. ಹೋದರೆ ಈ ಗೋಡೆಗಳನ್ನು ಹತ್ತಿರದಿಂದ ನೋಡಲು ಯಾವ ದಾರಿ? ಎಲ್ಲರೂ ‘ಪ್ರೇಮದ ಹಾದಿ’ ಅನ್ನುತ್ತಾರೆ.

ದಾರಿಹೋಕ

ಅದು ರಿಯೊಮಜ್ಜೋರೆ–ಮನಾರೋಲಾ ನಡುವಿನ ಒಂದು ಕಿ.ಮೀ. ಬಂಡೆಯಂಚಿನ ದಾರಿ. 2012ರಲ್ಲಿ ಕಲ್ಲು ಉರುಳಿ ನಾಲ್ವರಿಗೆ ಪೆಟ್ಟಾಗಿ ಮುಚ್ಚಿದ್ದು, 2024ರಲ್ಲಿ ಮತ್ತೆ ತೆರೆಯಿತು. ಸಮಯ ಗೊತ್ತುಮಾಡಿ ಟಿಕೆಟ್ ತೆಗೆಯಬೇಕು. ಕಡಲು ಕಾಣುತ್ತದೆ, ತೋಟ ಅಷ್ಟಾಗಿ ಇಲ್ಲ.

ಗೋಡೆ ನೋಡಬೇಕೆಂದರೆ ಮನಾರೋಲಾದಿಂದ ವೊಲಾಸ್ತ್ರಾಕ್ಕೆ ಹತ್ತಿ, ಅಲ್ಲಿಂದ ತೋಟಗಳ ನಡುವೆ ಕೊರ್ನೀಲ್ಯಾಕ್ಕೆ ಇಳಿಯಿರಿ. ಆರಾಮಾಗಿ ಮೂರು ಗಂಟೆ. ಮೊದಲ ಏರು ಬರೀ ಮೆಟ್ಟಿಲು, ಮಂಡಿ ನೋವಿದ್ದವರು ವೊಲಾಸ್ತ್ರಾ ತನಕ ಬಸ್ಸಿನಲ್ಲಿ ಹೋಗಬಹುದು. ಕೊರ್ನೀಲ್ಯಾದಿಂದ ರೈಲು ನಿಲ್ದಾಣಕ್ಕೆ ಇನ್ನೂ 380ರಷ್ಟು ಮೆಟ್ಟಿಲಿದೆ, ಕಾಲಲ್ಲಿ ಅಷ್ಟು ಶಕ್ತಿ ಉಳಿಸಿಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ಹೋದರೆ ದಂಡ ಬೀಳಬಹುದು. ಮಳೆಯ ಮುನ್ನೆಚ್ಚರಿಕೆ ಇದ್ದ ದಿನ ದಾರಿ ಮುಚ್ಚಿರುತ್ತಾರೆ, ವಾದ ಮಾಡಬೇಡಿ.

ಕಲ್ಲುಕಟ್ಟು

ಒಂದು ಸೇರಿಸುತ್ತೇನೆ. ದಾರಿ ಇಕ್ಕಟ್ಟಾದ ಕಡೆ, ಎದುರು ಜನ ಬಂದಾಗ, ಕೆಳಗಿನ ಗೋಡೆಯ ತಲೆಗಲ್ಲಿನ ಮೇಲೆ ಹೆಜ್ಜೆ ಇಡಬೇಡಿ, ಬೆಟ್ಟದ ಕಡೆಗೆ ಸರಿದು ನಿಲ್ಲಿ. ಯಾವುದಾದರೂ ಕಲ್ಲು ಜಾರಿದ್ದು ಕಂಡರೆ ಎತ್ತಿ ಮೇಲೆ ಕೂರಿಸುವ ಉಪಕಾರವೂ ಬೇಡ. ಬೆಣೆಯಿಲ್ಲದೆ ಇಟ್ಟ ಕಲ್ಲು ಕೆಳಗಿನ ಪಟ್ಟಿಯಲ್ಲಿ ಬಗ್ಗಿ ಕೆಲಸ ಮಾಡುವವನ ಬೆನ್ನಿಗೇ ಬೀಳುವುದು. ಬಿದ್ದಲ್ಲೇ ಇದ್ದರೆ ಗೋಡೆಯವನಿಗೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.